ಒಂದೇ ಸಾಲಿಗೂ ಬ್ರಾಕೆಟ್ ಬೇಕಾ?

ಕೋಡಿಂಗ್ ಕಲಿಯೋಕೆ ಶುರು ಮಾಡಿದವರು ಕೇಳೋ ಪ್ರಶ್ನೆ ಒಂದಿದೆ. ‘ಇಫ್’ ಕೆಳಗೆ ಇರೋದು ಒಂದೇ ಸಾಲು, ಅದಕ್ಕೂ ಕರ್ಲಿ ಬ್ರಾಕೆಟ್ ಹಾಕ್ಬೇಕಾ? ಹಾಕದಿದ್ರೂ ಪ್ರೋಗ್ರಾಂ ಓಡುತ್ತಲ್ಲ?

ಓಡುತ್ತೆ, ನಿಜ. ಆದರೆ ಹಾಗೆ ಓಡಿದ ಒಂದು ಪ್ರೋಗ್ರಾಂ ಕತೆ ಕೇಳಿ.

2014ರ ಫೆಬ್ರವರಿ 21ರಂದು ಆಪಲ್ ಕಂಪನಿ ಐಫೋನ್‌ಗಳಿಗೆ ಐಒಎಸ್ 7.0.6 ಅಪ್‌ಡೇಟ್ ಬಿಡುಗಡೆ ಮಾಡಿತು. ಸರಿಪಡಿಸಿದ್ದು ಭದ್ರತೆಯ ಒಂದು ದೋಷ. ನಾವು ಬ್ಯಾಂಕ್ ವೆಬ್‌ಸೈಟ್ ತೆರೆದಾಗ, ಆ ಕಡೆ ಇರೋದು ನಿಜವಾಗಿಯೂ ಬ್ಯಾಂಕೇನಾ ಅಂತ ಫೋನು ಡಿಜಿಟಲ್ ಸಹಿ ನೋಡಿ ಪರೀಕ್ಷಿಸುತ್ತೆ. ಆ ಪರೀಕ್ಷೆ ಮಾಡೋ ಸಿ ಭಾಷೆಯ ಕೋಡ್‌ನಲ್ಲಿ, ಒಂದು ‘ಇಫ್’ ಕೆಳಗೆ ‘ಗೋಟು ಫೇಲ್’ ಅನ್ನೋ ಸಾಲು ಎರಡು ಸಲ ಬಂದಿತ್ತು. ಬ್ರಾಕೆಟ್ ಇರಲಿಲ್ಲ.

ಎರಡೂ ಸಾಲುಗಳು ಒಂದೇ ಅಂತರದಲ್ಲಿ ಒಳಗೆ ಸರಿದಿದ್ದವು. ಹಾಗಾಗಿ ಓದುವವರ ಕಣ್ಣಿಗೆ ಎರಡೂ ‘ಇಫ್’ಗೇ ಸೇರಿದವು. ಆದರೆ ಸಿ ಭಾಷೆ ಅಂತರ ನೋಡಲ್ಲ. ಬ್ರಾಕೆಟ್ ಇಲ್ಲದಿದ್ರೆ ಮೊದಲ ಸಾಲು ಮಾತ್ರ ‘ಇಫ್’ನದ್ದು. ಎರಡನೆಯದು ಷರತ್ತಿಲ್ಲದೆ ಪ್ರತಿ ಸಲವೂ ಓಡಿತು, ಮುಂದಿದ್ದ ಸಹಿ ಪರೀಕ್ಷೆಯನ್ನೇ ಹಾರಿಸಿಬಿಟ್ಟಿತು. ಅಲ್ಲಿವರೆಗೆ ತಪ್ಪೇನೂ ಸಿಕ್ಕಿರಲಿಲ್ಲ, ಹಾಗಾಗಿ ‘ಎಲ್ಲ ಸರಿಯಿದೆ’ ಅನ್ನೋ ಉತ್ತರವೇ ವಾಪಸ್ ಬಂತು! ನೀವು ಬಳಸೋ ವೈಫೈನಲ್ಲೇ ಇರೋ ಕಳ್ಳ, ನಾನೇ ಬ್ಯಾಂಕ್ ಅಂತ ನಿಮ್ಮ ಫೋನನ್ನು ನಂಬಿಸೋಕೆ ಇಷ್ಟು ಸಾಕಿತ್ತು.

ಬ್ರಾಕೆಟ್ ಇದ್ದಿದ್ರೆ? ಎರಡನೇ ಸಾಲು ಅದರೊಳಗೆ ಬಿದ್ದಿದ್ರೆ ಏನೂ ಆಗ್ತಿರಲಿಲ್ಲ. ಹೊರಗೆ ಬಿದ್ದಿದ್ರೆ ತಕ್ಷಣ ಕಣ್ಣಿಗೆ ಹೊಡೀತಿತ್ತು.

ಹಾಗಂತ ಎಲ್ಲರ ನಿಯಮವೂ ಒಂದೇ ಅಲ್ಲ. ಗೂಗಲ್‌ನ ಜಾವಾ ನಿಯಮಾವಳಿ ಒಂದೇ ಸಾಲಿದ್ರೂ ಬ್ರಾಕೆಟ್ ಕಡ್ಡಾಯ ಅನ್ನುತ್ತೆ. ಲಿನಕ್ಸ್ ಕರ್ನಲ್‌ನವರು ಒಂದೇ ಸಾಲಿದ್ರೆ ಬೇಡ ಅಂತಾರೆ. ಪೈಥಾನ್‌ನಲ್ಲಂತೂ ಅಂತರವೇ ಬ್ರಾಕೆಟ್. ಅಲ್ಲಿ ಕಣ್ಣು ಕಂಡಿದ್ದನ್ನೇ ಕಂಪ್ಯೂಟರೂ ಕಾಣುತ್ತೆ.

ವಿಷಯ ಇರೋದು ಇಲ್ಲೇ. ಸ್ಟೈಲ್ ನಿಯಮ ಬರೀ ಅಂದಕ್ಕಲ್ಲ. ಮನುಷ್ಯ ಓದೋದು ಮತ್ತು ಯಂತ್ರ ಓದೋದು ಬೇರೆ ಬೇರೆ ಆಗದಿರಲಿ ಅಂತ.

ಇದನ್ನೆಲ್ಲ ಕಣ್ಣಲ್ಲೇ ಕಾಯಬೇಕಿಲ್ಲ. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್, ಹೀಗೆ ದಾರಿ ತಪ್ಪಿಸೋ ಅಂತರ ಕಂಡ್ರೆ ಎಚ್ಚರಿಸೋದನ್ನು ಕಲಿತಿದೆ. ‘ವಾಲ್’ ಆಯ್ಕೆ ಆನ್ ಮಾಡಿದ್ರೆ ಸಾಕು. ಕ್ಲ್ಯಾಂಗ್ ಫಾರ್ಮ್ಯಾಟ್‌ನಂಥ ಟೂಲ್ ಓಡಿಸಿದ್ರೆ ಆ ಎರಡನೇ ಸಾಲು ಎಡಕ್ಕೆ ಸರಿದು ತಾನೇ ಸಿಕ್ಕಿಬೀಳುತ್ತೆ.

ನಿಮ್ಮ ತಂಡದ ನಿಯಮ ಯಾವುದೇ ಇರಲಿ, ಎಲ್ಲರೂ ಅದನ್ನೇ ಪಾಲಿಸಿ. ಕಂಪೈಲರ್ ಕೊಡೋ ಎಚ್ಚರಿಕೆಯನ್ನು ಓದದೆ ಮುಂದೆ ಹೋಗಬೇಡಿ. ಮತ್ತೆ ಸಿಗೋಣ.