ಐದನೆಯ ಅಂಕದ ಶಕುಂತಲೆ



ಕಾಲಿಗೆ ಮುಳ್ಳು ಚುಚ್ಚಿದ ನೆಪ ಮಾಡಿ, ಗೆಳತಿಯ ಹೆಗಲ ಮೇಲೆ ಕೈಯೂರಿ, ದುಷ್ಯಂತನಿಗಾಗಿ ಹಿಂದಿರುಗಿ ನೋಡುವ ಶಕುಂತಲೆಯ ಪಟವನ್ನು ನಿಮ್ಮಲ್ಲಿ ಬಹಳ ಜನ ಕಂಡಿರುತ್ತೀರಿ. ರಾಜಾ ರವಿವರ್ಮ ಆ ಚಿತ್ರ ಬರೆದದ್ದು 1898ರಲ್ಲಿ. ಅಷ್ಟು ಹೊತ್ತಿಗೆ, 1894ರಲ್ಲೇ, ಮುಂಬಯಿಯಲ್ಲಿ ಅವರ ಅಚ್ಚುಕೂಟ ಶುರುವಾಗಿತ್ತು. ಅರಮನೆಗಳಲ್ಲಿದ್ದ ಚಿತ್ರಗಳು ಅಗ್ಗದ ಪಟಗಳಾಗಿ ನಮ್ಮ ನಡುಮನೆಗಳಿಗೆ ಬಂದವು.

ಆ ನಾಚಿಕೆ, ಆ ಓರೆನೋಟ ಕಾಳಿದಾಸನ ನಾಟಕದ ಆರಂಭದಲ್ಲಿ ಬರುತ್ತದೆ. ಐದನೆಯ ಅಂಕಕ್ಕೆ ಬಂದರೆ ಅದೇ ಶಕುಂತಲೆ ಗರ್ಭಿಣಿ. ಶಾಪದಿಂದ ಎಲ್ಲವನ್ನೂ ಮರೆತ ಅರಸ ದುಷ್ಯಂತ, ನೀನು ಯಾರೋ ಗೊತ್ತಿಲ್ಲ ಎನ್ನುತ್ತಾನೆ. ಆಗ ಆಕೆ ತಲೆ ತಗ್ಗಿಸುವುದಿಲ್ಲ. ಧರ್ಮದ ಹೊದಿಕೆ ಹೊದ್ದ ಮೋಸಗಾರನೆಂದು ಅವನನ್ನು ಎದುರಿಗೇ ಜರೆಯುತ್ತಾಳೆ. ಈ ಶಕುಂತಲೆಗೆ ನಮ್ಮ ಗೋಡೆಯ ಮೇಲೆ ಜಾಗ ಸಿಗಲಿಲ್ಲ.

ಒಬ್ಬಳನ್ನೇ ಬೇರೆ ಬೇರೆ ಪ್ರಸಂಗಗಳಲ್ಲಿ ತೋರಿಸುವ ಚಿತ್ರಗಳೂ ನಮ್ಮಲ್ಲಿವೆ. ಹಿಂದೂಪುರ, ಕಲ್ಯಾಣದುರ್ಗದ ಕಡೆಯವರಿಗೆ ಲೇಪಾಕ್ಷಿ ಹೊಸದಲ್ಲ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಾಲಯದ ಚಾವಣಿಯಲ್ಲಿ ಕತೆಗಳು ಪಟ್ಟಿಪಟ್ಟಿಯಾಗಿ ಸಾಗುತ್ತವೆ. ಕತ್ತೆತ್ತಿ ನಡೆಯುತ್ತಾ ಹೋದಂತೆ ಪ್ರಸಂಗ ಬದಲಾಗುತ್ತದೆ. ಶಿವಪಾರ್ವತಿಯರ ಕಲ್ಯಾಣದ ಚಿತ್ರದಲ್ಲಿ ಪಾರ್ವತಿ ಮದುಮಗಳು. ಕಿರಾತಾರ್ಜುನೀಯದ ಕತೆಗೆ ಬಂದರೆ ಕಿರಾತನ ವೇಷದ ಶಿವನ ಜೊತೆ ಕಾಡು ಹೊಕ್ಕ ಬೇಡತಿ. ಇವಳೇ ನಿಜವಾದ ಪಾರ್ವತಿ, ಅವಳಲ್ಲ ಎಂದು ಯಾರೂ ವಾದಿಸುವುದಿಲ್ಲ.

ರವಿವರ್ಮರದು ತಪ್ಪಲ್ಲ. ಒಂದು ಚೌಕಟ್ಟಿನಲ್ಲಿ ಒಂದು ಗಳಿಗೆಯನ್ನಷ್ಟೇ ಹಿಡಿಯಲು ಸಾಧ್ಯ. ಅದನ್ನೇ ಇಡೀ ಶಕುಂತಲೆ ಎಂದುಕೊಂಡವರು ನಾವು.

ಮನೆಯವರ ವಿಷಯದಲ್ಲೂ ಹೀಗೇ ಮಾಡುತ್ತೇವೆ. ಮದುವೆಯ ದಿನ ಮೆತ್ತಗೆ ನಿಂತಿದ್ದ ಸೊಸೆ ಹತ್ತು ವರ್ಷದ ಮೇಲೆ ಆಸ್ತಿಯ ಬಗ್ಗೆಯೋ ಮಗಳ ಓದಿನ ಬಗ್ಗೆಯೋ ಗಟ್ಟಿಯಾಗಿ ಮಾತಾಡಿದರೆ, "ಮೊದಲು ಹೀಗಿರಲಿಲ್ಲ" ಎಂದುಬಿಡುತ್ತೇವೆ. ಮೊದಲೂ ಹೀಗೇ ಇದ್ದಳೋ ಏನೋ, ಮಾತಾಡುವ ಪ್ರಸಂಗ ಬಂದಿರಲಿಲ್ಲ ಅಷ್ಟೆ.

ದುಷ್ಯಂತನಿಗೆ ಮರೆವಿನ ಶಾಪವಿತ್ತು. ನಮಗೆ ಆ ನೆಪವೂ ಇಲ್ಲ. ಹಾಗೆ ಮಾತಾಡಿದವರನ್ನು ಬದಲಾದರು ಎಂದು ದೂರುವ ಮೊದಲು, ಅವರು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳೋಣ.