ಬಿಸಿಲು ಎಲ್ಲರದ್ದು, ಮಾಡು ಯಾರದ್ದು?

(ಮೆಲ್ಬೋರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ, ಅಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಸಹೋದರರೊಬ್ಬರು ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮೊದಲು ಸ್ವಲ್ಪ ಹೊತ್ತು ಸೋಲಾರ್ ಬಗ್ಗೆ ಮಾತಾಡಿ ಅಂತ ಸಂಘದವರು ಹೇಳಿದರು. ಬಿರಿಯಾನಿ ತಣ್ಣಗಾಗುವ ಮೊದಲು ಮುಗಿಸುತ್ತೇನೆ, ಹೆದರಬೇಡಿ.

ಮೊದಲು ಒಂದು ಫೋನಿನ ವಿಷಯ. ಕಳೆದ ತಿಂಗಳು ದಮ್ಮಾಮಿನಿಂದ ನನ್ನ ಅಕ್ಕನ ಮಗ ಫೋನ್ ಮಾಡಿದ. ಊರಿನಲ್ಲಿ ಐಟಿಐ ಮಾಡಿದವನು, ಆರು ವರ್ಷದಿಂದ ಅಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ. "ಮಾಮ, ಆಸ್ಟ್ರೇಲಿಯಾದಲ್ಲಿ ಸೋಲಾರ್ ಕೆಲಸ ತುಂಬಾ ಇದೆಯಂತೆ, ಹೌದಾ? ಒಬ್ಬ ಏಜೆಂಟ್ ನಾಲ್ಕು ಲಕ್ಷ ಕೊಟ್ಟರೆ ಎಲ್ಲ ಮಾಡಿಸಿ ಕೊಡ್ತೇನೆ ಅಂತಿದ್ದಾನೆ. ಉಮ್ಮನ ಚಿನ್ನ ಅಡವಿಡುವುದಾ ಅಂತ ಯೋಚನೆ" ಅಂದ. "ಎರಡು ದಿನ ತಡಿ, ಹಣ ಕೊಡಬೇಡ" ಅಂದೆ. ಆ ಎರಡು ದಿನ ನಾನು ಯೋಚಿಸಿದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಇಲ್ಲಿಂದ ಹೊರಗೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿ. ಕೆಲವು ವರ್ಷದ ಹಿಂದೆ ಇದು ಹೊಲ, ತರಕಾರಿ ತೋಟ, ಹಸು ಮೇಯುವ ಜಾಗ. ಈಗ ಸಾಲು ಸಾಲು ಮನೆ, ಮನೆ ಮೇಲೆ ಕಪ್ಪು ಪ್ಯಾನೆಲ್. ಆಸ್ಟ್ರೇಲಿಯಾದಲ್ಲಿ 40 ಲಕ್ಷಕ್ಕೂ ಹೆಚ್ಚು ಮಾಡುಗಳ ಮೇಲೆ ಸೋಲಾರ್ ಇದೆ. ಸುಮಾರು ಮೂರು ಮನೆಗೆ ಒಂದು ಅಂತ ಲೆಕ್ಕ. ಇಷ್ಟು ಪ್ರಮಾಣದಲ್ಲಿ ಜನ ತಮ್ಮ ಮಾಡಿನ ಮೇಲೆ ಕರೆಂಟ್ ಮಾಡಿಕೊಳ್ಳುವ ದೇಶ ಬೇರೆ ಸಿಗುವುದು ಕಷ್ಟ.

ಆದರೆ ಇದೇ ದೇಶ ಕಲ್ಲಿದ್ದಲಿನ ದೇಶ. ಅಗೆದು ಹೊರದೇಶಕ್ಕೆ ಮಾರುವುದೂ ಅದನ್ನೇ, ಮನೆಯಲ್ಲಿ ಉರಿಸುವುದೂ ಅದನ್ನೇ. ನಮ್ಮ ವಿಕ್ಟೋರಿಯಾ ರಾಜ್ಯದ ಕರೆಂಟಿನಲ್ಲಿ 2024ರಲ್ಲೂ ಅರ್ಧಕ್ಕಿಂತ ಹೆಚ್ಚು ಬಂದದ್ದು ಕಂದು ಕಲ್ಲಿದ್ದಲಿನಿಂದ. ಇಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಲಟ್ರೋಬ್ ವ್ಯಾಲಿ ಸಿಗುತ್ತದೆ. ಗಣಿ, ಚಿಮಣಿ ಎಲ್ಲ ಅಲ್ಲೇ. ಇನ್ನೊಂದು ಸೋಜಿಗ ನೋಡಿ. ಜಗತ್ತಿನ ಲೆಕ್ಕವಿಲ್ಲದಷ್ಟು ಪ್ಯಾನೆಲ್‌ಗಳಲ್ಲಿ ಬಳಸಿದ 'ಪರ್ಕ್' ಎಂಬ ಸೌರಕೋಶದ ತಂತ್ರ ಹುಟ್ಟಿದ್ದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ, 1980ರ ದಶಕದಲ್ಲಿ, ಪ್ರೊಫೆಸರ್ ಮಾರ್ಟಿನ್ ಗ್ರೀನ್ ಅವರ ತಂಡದಲ್ಲಿ. ಅಲ್ಲಿ ಕಲಿತ ಶಿ ಝೆಂಗ್‌ರಾಂಗ್ ಚೀನಾಕ್ಕೆ ಹೋಗಿ 2001ರಲ್ಲಿ ಸನ್‌ಟೆಕ್ ಕಂಪೆನಿ ಕಟ್ಟಿದರು. ವಿದ್ಯೆ ಸಿಡ್ನಿಯದ್ದು, ಕಾರ್ಖಾನೆ ಚೀನಾದ್ದು. ಈಗ ನಾವು ಇಲ್ಲಿ ಮಾಡಿಗೆ ಏರಿಸುವ ಪ್ಯಾನೆಲ್ ಬಹುತೇಕ ಚೀನಾದಿಂದಲೇ ಬರುತ್ತದೆ.

ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಡ್ಯಾಂಡಿನಾಂಗ್‌ನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಜೊತೆಗೆ ಲಟ್ರೋಬ್ ವ್ಯಾಲಿಯ ಒಬ್ಬ ಹಿರಿಯರು ಇದ್ದರು. ಅವರೂ, ಅವರ ತಂದೆಯೂ ಹೇಝಲ್‌ವುಡ್ ಎಂಬ ವಿದ್ಯುತ್ ಸ್ಥಾವರದಲ್ಲಿ ದುಡಿದವರು. 1600 ಮೆಗಾವ್ಯಾಟಿನ ದೊಡ್ಡ ಸ್ಥಾವರ ಅದು. 2016ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಹೇಳಿದರು, 2017ರ ಮಾರ್ಚ್ ಕೊನೆಗೆ ಮುಚ್ಚಿಯೇ ಬಿಟ್ಟರು. ಐದೇ ತಿಂಗಳು. ಗುತ್ತಿಗೆಯವರನ್ನೂ ಸೇರಿಸಿ 750ರಷ್ಟು ಜನರ ಕೆಲಸ ಹೋಯಿತು. ಅದರ ಎಂಟು ಚಿಮಣಿಗಳನ್ನು 2020ರಲ್ಲಿ ಸ್ಫೋಟಿಸಿ ಕೆಡವಿದರು. "ಹೊಗೆ ಕುಡಿದವರು ನಾವು, ನಷ್ಟವೂ ನಮಗೇ" ಅಂತ ಅವರು ಹೇಳುತ್ತಿದ್ದರು. 2014ರಲ್ಲಿ ಆ ಗಣಿಗೆ ಬೆಂಕಿ ಬಿದ್ದು 45 ದಿನ ಹೊಗೆಯಾಡಿತ್ತು. ಪಕ್ಕದ ಮೊರ್ವೆಲ್ ಊರಿನವರು ಅದನ್ನೇ ಉಸಿರಾಡಿದರು.

ಕಲ್ಲಿದ್ದಲು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಪಡುಬಿದ್ರಿ, ಎಲ್ಲೂರು ಕಡೆಯವರು ಇಲ್ಲಿ ಇದ್ದೀರಿ. ಉಷ್ಣ ಸ್ಥಾವರದ ಪಕ್ಕದ ಬದುಕು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಲ್ಲಿದ್ದಲು ಹೋಗಲೇಬೇಕು. ಯಾಲೋರ್ನ್ ಸ್ಥಾವರ 2028ಕ್ಕೆ, ಲೋಯ್ ಯಾಂಗ್ ಎ 2035ಕ್ಕೆ ಮುಚ್ಚುವುದು ಅಂತ ನಿಗದಿಯಾಗಿದೆ. ಈ ಸಲ ವರ್ಷಗಳ ಮೊದಲೇ ಹೇಳಿದ್ದಾರೆ. ಹೇಝಲ್‌ವುಡ್‌ನವರ ಕಣ್ಣೀರಿನಿಂದ ಕಲಿತ ಪಾಠ ಅದು. ನಾನು ಹೇಳುವುದು ಇಷ್ಟೆ: ಬದಲಾವಣೆ ಬರುವಾಗ ಕೆಲಸಗಾರನಿಗೆ ಸುದ್ದಿ ಕೊನೆಗೆ ಮುಟ್ಟುತ್ತದೆ. ಗಲ್ಫಿನಲ್ಲಿ ದುಡಿದವರಿಗೆ ಇದು ಗೊತ್ತು.

ಈಗ ಲಾಭದ ವಿಷಯಕ್ಕೆ ಬರೋಣ. ಬಿಸಿಲು ಎಲ್ಲರಿಗೂ ಬೀಳುತ್ತದೆ, ಬಾಡಿಗೆಯವನಿಗೂ ಮಾಲಕನಿಗೂ. ಆದರೆ ಸೋಲಾರ್ ಲಾಭ ಸಿಗುವುದು ಮಾಡು ಯಾರದ್ದೋ ಅವರಿಗೆ. ನಾನು ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿ ಇದ್ದೆ. ದಿನವಿಡೀ ಬೇರೆಯವರ ಮಾಡಿಗೆ ಪ್ಯಾನೆಲ್ ಕಟ್ಟಿ, ಮನೆಗೆ ಬಂದು ಪೂರ್ತಿ ಬಿಲ್ ಕಟ್ಟುತ್ತಿದ್ದೆ. ನಮ್ಮ ಕರ್ನಾಟಕದಲ್ಲೂ ಹಾಗೆಯೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕ್ರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕ್ರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರಗಾಲದ ಊರಿನ ರೈತರಿಗೆ ಅದು ದೊಡ್ಡ ಆಸರೆ. ಆದರೆ ಜಮೀನೇ ಇಲ್ಲದೆ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವನಿಗೆ? ಅವನಿಗೆ ಬಾಡಿಗೆಯೂ ಇಲ್ಲ, ಹೊಲದ ಕೂಲಿಯೂ ಇಲ್ಲ.

ಹಾಗಾದರೆ ಮಾಡೂ ಇಲ್ಲದ, ಜಮೀನೂ ಇಲ್ಲದ ನಮ್ಮಂಥ ವಲಸೆ ಕೆಲಸಗಾರನ ಆಸ್ತಿ ಏನು? ಕೈಕಸುಬು, ಮತ್ತು ಆ ಕಸುಬಿನ ಕಾಗದ. ಎರಡೂ ಬೇಕು. ಒಂದೇ ಇದ್ದರೆ ಆಗುವುದಿಲ್ಲ.

ಕಾಗದ ಇಲ್ಲದಾಗ ಏನಾಗುತ್ತದೆ ಅಂತ ನನ್ನದೇ ಕತೆ ಹೇಳುತ್ತೇನೆ. ಸೋಲಾರ್‌ನಲ್ಲಿ ನನ್ನ ಮೊದಲ ಕೆಲಸ ಒಬ್ಬ ಉಪಗುತ್ತಿಗೆದಾರನ ಹತ್ತಿರ. ಕೈಗೆ ನಗದು, ಲೈಸೆನ್ಸ್ ಕೇಳಲಿಲ್ಲ, ಬೆಲ್ಟೂ ಕೊಡಲಿಲ್ಲ. ಒಂದು ಬೆಳಿಗ್ಗೆ ಮಳೆ ಬಂದು ನಿಂತಿತ್ತು, ಹಂಚು ಒದ್ದೆ. "ಇವತ್ತು ಎರಡು ಮನೆ ಮುಗಿಯಬೇಕು, ಹತ್ತು" ಅಂದ. ಹತ್ತಿದೆ. ಕಾಲು ಜಾರಿ ಅಂಚಿನವರೆಗೆ ಹೋದೆ. ಹಿಮ್ಮಡಿ ನೀರಿನ ದಂಬೆಗೆ ಸಿಕ್ಕಿ ನಿಂತಿತು. ಸಂಜೆ ಹೆಂಡತಿಗೆ ಹೇಳಿದಾಗ ಅವಳು ಅಳಲಿಲ್ಲ. "ನೀವು ಬಿದ್ದಿದ್ದರೆ, ಅಲ್ಲಿ ಕೆಲಸಕ್ಕಿದ್ದಿರಿ ಅಂತ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದ ಇದೆಯಾ?" ಅಂತ ಮಾತ್ರ ಕೇಳಿದಳು. ಇರಲಿಲ್ಲ. ಮರುದಿನದಿಂದ ಹೋಗಲಿಲ್ಲ.

ಎರಡು ಮೀಟರಿಗಿಂತ ಎತ್ತರದಿಂದ ಬೀಳುವ ಅಪಾಯ ಇದ್ದರೆ ಅದನ್ನು ತಡೆಯುವ ವ್ಯವಸ್ಥೆ ಮಾಡುವುದು ಇಲ್ಲಿ ಮಾಲಕನ ಕರ್ತವ್ಯ, ಕಾನೂನೇ ಇದೆ. ಇನ್ನೊಂದು, ಪ್ಯಾನೆಲ್ ಮೇಲೆ ಬಿಸಿಲು ಬಿದ್ದಷ್ಟು ಹೊತ್ತು ಅದರಲ್ಲಿ ಕರೆಂಟ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಸೂರ್ಯನನ್ನು ಆಫ್ ಮಾಡಲು ಆಗುವುದಿಲ್ಲ. ಸರ್ಕಾರ ಹಣ ಸುರಿದಾಗ ಅವಸರದ ಗುತ್ತಿಗೆದಾರರು ಹುಟ್ಟಿಕೊಳ್ಳುತ್ತಾರೆ. 2009ರಲ್ಲಿ ಮನೆಗಳ ಮಾಡಿನೊಳಗೆ ಶಾಖ ತಡೆಯುವ ಹೊದಿಕೆ ಹಾಕಲು ಇಲ್ಲಿನ ಕೇಂದ್ರ ಸರ್ಕಾರ ಯೋಜನೆ ತಂದಿತು. ತರಬೇತಿ ಇಲ್ಲದ ಹುಡುಗರನ್ನು ಕಳಿಸಿದರು. ನಾಲ್ವರು ಯುವಕರು ಸತ್ತರು, ಮೂವರು ಕರೆಂಟ್ ತಗಲಿ. 2025ರ ಜುಲೈಯಲ್ಲಿ ಮನೆ ಬ್ಯಾಟರಿಗೆ ಸುಮಾರು 30 ಶೇಕಡಾ ರಿಯಾಯಿತಿ ಶುರುವಾಯಿತು, ಬ್ಯಾಟರಿ ಕೆಲಸಕ್ಕೆ ನೂಕುನುಗ್ಗಲು. ಮಕ್ಕಳೇ, ಹಳೆಯದನ್ನು ಮರೆಯಬೇಡಿ.

ಇಲ್ಲಿ ಮನೆ ಮಾಡಿದವರಿಗೆ ಎರಡು ಮಾತು. ಹೆಚ್ಚಾದ ಕರೆಂಟನ್ನು ಲೈನಿಗೆ ಮಾರಿ ಹಣ ಮಾಡುವ ಕಾಲ ಹೋಯಿತು. 2009ರಲ್ಲಿ ವಿಕ್ಟೋರಿಯಾದಲ್ಲಿ ಯೂನಿಟಿಗೆ 60 ಸೆಂಟ್ ಕೊಡುತ್ತಿದ್ದರು. 2024-25ರಲ್ಲಿ ಕನಿಷ್ಠ ದರ 3.3 ಸೆಂಟ್, 2025-26ಕ್ಕೆ 0.04 ಸೆಂಟ್. ಅಂದರೆ ಏನೂ ಇಲ್ಲ. ಮಧ್ಯಾಹ್ನ ಎಲ್ಲರ ಮಾಡಿನಲ್ಲೂ ಕರೆಂಟ್ ಉಕ್ಕಿದರೆ ಕೊಳ್ಳುವವರು ಯಾರು? ಹಾಗಾಗಿ ವಾಷಿಂಗ್ ಮೆಷಿನ್, ಬಿಸಿನೀರು, ಕಾರಿನ ಚಾರ್ಜ್ ಎಲ್ಲ ಹಗಲಿಗೆ ಹಾಕಿ. "ಲೈನಿಗೆ ಮಾರಿ ಮೂರು ವರ್ಷದಲ್ಲಿ ಹಣ ವಾಪಸ್" ಅಂತ ಬಾಗಿಲಿಗೆ ಬಂದು ಹೇಳುವವನಿಗೆ ಅದೇ ದಿನ ಸಹಿ ಹಾಕಬೇಡಿ. ಹಾಕಿದ್ದರೂ, ಹಾಗೆ ಮನೆಗೆ ಬಂದು ಮಾಡಿಸಿಕೊಂಡ ಒಪ್ಪಂದವನ್ನು ಹತ್ತು ಕೆಲಸದ ದಿನದೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ.

ಊರಿನಲ್ಲಿ ಮನೆ ಇರುವವರಿಗೆ ಒಂದು ಮಾತು. ನಮ್ಮವರು ಬೆವರು ಸುರಿಸಿ ಕಟ್ಟಿದ ದೊಡ್ಡ ಮಾಡುಗಳು ಊರಲ್ಲಿ ಬಿಸಿಲಿಗೆ ಸುಮ್ಮನೆ ಕಾಯುತ್ತಿವೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಆದರೆ ಲೆಕ್ಕ ಹಾಕಿ ಮಾಡಿ. ತಿಂಗಳಿಗೆ ನೂರು ಯೂನಿಟ್ ಉರಿಸುವ, ಗೃಹಜ್ಯೋತಿ ಸಿಗುವ ಮನೆಗೆ ಅವಸರ ಇಲ್ಲ. ಎಸಿ, ಪಂಪು ಇರುವ ತುಂಬಿದ ಮನೆಗೆ ಲಾಭ. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊನೆಗೆ ಅಕ್ಕನ ಮಗನಿಗೆ ಹೇಳಿದ್ದು. "ಹೌದು ಮೋನೆ, ಇಲ್ಲಿ ಕೆಲಸ ಇದೆ. ಆದರೆ ಊರಿನ ಐಟಿಐ ಸರ್ಟಿಫಿಕೇಟ್ ತೋರಿಸಿ ನೇರ ಮಾಡು ಹತ್ತಲು ಆಗುವುದಿಲ್ಲ. ಮೊದಲು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ ಕೌಶಲ ಪರೀಕ್ಷೆ, ಆಮೇಲೆ ಇಲ್ಲಿ ಲೈಸೆನ್ಸ್ ಇದ್ದವರ ಕೈಕೆಳಗೆ ಕೆಲಸ, ಮತ್ತೆ ನಿನ್ನದೇ ಲೈಸೆನ್ಸ್. ಏಜೆಂಟ್ ಈ ಮೂರರಲ್ಲಿ ಒಂದನ್ನೂ ಮಾರಲು ಸಾಧ್ಯವಿಲ್ಲ. ಉಮ್ಮನ ಚಿನ್ನ ಮುಟ್ಟಬೇಡ. ನೀನು ಇರುವ ದೇಶವೇ ಈಗ ಎಣ್ಣೆಯಿಂದ ಬಿಸಿಲಿಗೆ ತಿರುಗುತ್ತಿದೆ. 2030ಕ್ಕೆ ಅರ್ಧ ಕರೆಂಟ್ ನವೀಕರಿಸಬಹುದಾದ ಮೂಲದಿಂದ ಅಂತ ಸೌದಿ ಗುರಿ ಇಟ್ಟಿದೆ, ಸಕಾಕ, ಸುದೈರ್‌ನಲ್ಲಿ ಸ್ಥಾವರ ಎದ್ದಿವೆ. ಅಲ್ಲೇ ಸೋಲಾರ್ ಕೆಲಸ ಹಿಡಿ. ಪ್ರತಿ ಕಂಪೆನಿಯಿಂದ ಸರ್ವಿಸ್ ಸರ್ಟಿಫಿಕೇಟ್, ಸಂಬಳದ ಚೀಟಿ, ಕೆಲಸ ಮಾಡುವ ಫೋಟೋ ಇಟ್ಟುಕೋ. ಇಂಗ್ಲಿಷ್ ಕಲಿ. ಊರಿನಲ್ಲಿ ಖಾಲಿ ಕೂತಿರುವ ತಮ್ಮನಿಗೆ ಸರ್ಕಾರದ ಸೂರ್ಯಮಿತ್ರ ತರಬೇತಿ ಬಗ್ಗೆ ವಿಚಾರಿಸಲು ಹೇಳು."

ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ. ಮತ್ತೆ "ತುಂಬಾ ಸಮಯ ಆಗ್ತದಲ್ಲಾ ಮಾಮ" ಅಂದ. "ಹೌದು, ನನಗೂ ಐದು ವರ್ಷ ಆಯಿತು" ಅಂದೆ. ನಿನ್ನೆ ಮೆಸೇಜ್ ಹಾಕಿದ್ದಾನೆ, ಹಳೆಯ ಕಂಪೆನಿಯಿಂದ ಸರ್ವಿಸ್ ಸರ್ಟಿಫಿಕೇಟ್ ಸಿಕ್ಕಿತಂತೆ. ಏಜೆಂಟಿಗೆ ಫೋನ್ ಮಾಡಿ ಬೇಡ ಅಂದನಂತೆ.

ನಿಮ್ಮ ಮನೆಗಳಿಗೂ ಇಂಥ ಫೋನ್ ಬರುತ್ತದೆ. ಬಂದಾಗ "ಬಾ" ಅಂತಲೂ "ಬೇಡ" ಅಂತಲೂ ತಟ್ಟನೆ ಹೇಳಬೇಡಿ. ಕಾಗದ ಏನೇನು ಇದೆ ಅಂತ ಕೇಳಿ. ಅಷ್ಟು ಮಾಡಿದರೆ ಇವತ್ತು ನಾನು ಮಾತಾಡಿದ್ದು ಸಾರ್ಥಕ.

ಬಿರಿಯಾನಿ ಬಂತು.