ಮುಖಪುಟವನ್ನೂ ಓದಬೇಕು

ಕಾಲೇಜಿಗೆ ಹೋಗುವ ಮಗನೋ ಮಗಳೋ ಒಂದು ಸಂಜೆ ನಡುಮನೆಯ ತುಂಬ ಸಿನಿಮಾ ಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದರೆ ನೀವು ಏನೆನ್ನುವಿರಿ? ನಾನಂತೂ ಗದರಿಸಿದೆ. "ಪರೀಕ್ಷೆ ಹತ್ತಿರ ಬಂತು, ನಿನಗೆ ನಟಿಯರ ಮುಖ ನೋಡುವುದೇ ಕೆಲಸವಾಯಿತೇನಮ್ಮ?" ಎಂದೆ. ನಮ್ಮ ಅಣ್ಣನ ಮಗಳು ಮರುಮಾತಾಡದೆ ಎಲ್ಲವನ್ನೂ ಕಟ್ಟಿ ಅಟ್ಟದ ಮೇಲಿಟ್ಟಳು. ಸಿನಿಮಾ ಪತ್ರಿಕೆಯೊಂದಕ್ಕೆ ಮುಖಪುಟ ರಚಿಸುವುದೇ ಅವಳ ಪರೀಕ್ಷೆಯ ಒಂದು ಭಾಗವೆಂದು ನನಗೆ ತಿಳಿದದ್ದು ವಾರ ಕಳೆದ ಮೇಲೆ.

ಅಷ್ಟರಲ್ಲಿ ಅವಳು ಯಾವ ಪತ್ರಿಕೆಯನ್ನೂ ನೋಡದೆ, ಮನಸ್ಸಿಗೆ ತೋರಿದಂತೆ ಒಂದು ಮುಖಪುಟ ಬರೆದಿದ್ದಳು. ಸೊಗಸಾದ ಚಿತ್ರವೇ, ಮಳೆಯಲ್ಲಿ ನಿಂತ ನಟಿ, ಸುತ್ತಲೂ ಹೂಬಳ್ಳಿ. ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದಕ್ಕೆ ಬಂದು ನೋಡಿದೆವು. ಪತ್ರಿಕೆಯ ಹೆಸರು ಬಳ್ಳಿಯೊಳಗೆ ಕರಗಿಹೋಗಿತ್ತು. ಹೆಸರೇ ಕಾಣದ ಪತ್ರಿಕೆಯನ್ನು ಕೊಳ್ಳುವವರಾರು? ಒಪ್ಪಿಸಲು ನಾಲ್ಕು ದಿನ ಉಳಿದಿತ್ತು. ಅಟ್ಟದಿಂದ ಕಟ್ಟನ್ನು ಇಳಿಸಿದವನು ನಾನೇ.

ಮುಖಪುಟಗಳನ್ನು ಹೇಗೆ ನೋಡಬೇಕೆಂಬುದನ್ನು ನಾನು ಕಲಿತದ್ದು ಅವಳಿಂದ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಿದ್ದಳು: ಹೆಸರು ಎಲ್ಲಿದೆ, ಮುಖಗಳೆಷ್ಟು, ಕಣ್ಣು ಎತ್ತ ನೋಡುತ್ತಿದೆ, ಬಣ್ಣ ಎಷ್ಟು. "ಚಿಕ್ಕಪ್ಪ, ಅಂಗಡಿಯಲ್ಲಿ ಇದು ಇಡಿಯಾಗಿ ಕಾಣುವುದೇ ಇಲ್ಲ" ಎಂದಳು. ನಿಜವಲ್ಲವೇ! ಒಂದರ ಮೇಲೊಂದು ಸರಿಸಿಟ್ಟಾಗ ಕಾಣುವುದು ಮೇಲಿನ ಪಟ್ಟಿ ಮಾತ್ರ. ಹೆಸರು ನೆತ್ತಿಯ ಮೇಲೆ ಕುಳಿತಿರುವುದು ಅದಕ್ಕೇ. ಕೆಲವು ಪತ್ರಿಕೆಗಳಲ್ಲಿ ನಾಯಕನ ತಲೆ ಹೆಸರಿನ ಒಂದೆರಡು ಅಕ್ಷರಗಳನ್ನು ಮರೆಮಾಡಿರುತ್ತದೆ. ಅದು ಹೆಸರಾದ ಪತ್ರಿಕೆಗೆ ಒಪ್ಪುವ ಗತ್ತು. ಹೊಸಬರು ಅನುಕರಿಸಿದರೆ ಹೆಸರೇ ಗುರುತು ಸಿಕ್ಕದು.

ಹಳೆಯ ಪತ್ರಿಕೆಗಳ ಕಡೆಗೂ ಕಣ್ಣು ಹಾಯಿಸಿದೆವು. ಬೊಂಬಾಯಿಯಲ್ಲಿ 1935ರಲ್ಲಿ ಹುಟ್ಟಿ, ಬಾಬೂರಾವ್ ಪಟೇಲರ ಸಂಪಾದಕತ್ವದಲ್ಲಿ ಬಂದ 'ಫಿಲ್ಮ್‌ಇಂಡಿಯಾ'ವನ್ನು ಕೇಳಿದ್ದೀರಾ? ಅದಕ್ಕೆ ಮುಖಪುಟಗಳನ್ನು ಬರೆದುಕೊಟ್ಟವರಲ್ಲಿ ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರೂ ಒಬ್ಬರು. 1916ರಲ್ಲಿ ಹುಟ್ಟಿದ ಈ ಕಲಾವಿದರು ಮುಂದೆ ಪುರಾಣದ ಚಿತ್ರಗಳಿಂದ ಮನೆಮಾತಾದರು. ಆ ಕಾಲದ ಚಿತ್ರಗಳು ಬಹುಮಟ್ಟಿಗೆ ಕಪ್ಪು ಬಿಳುಪು. ತೆರೆಯ ಮೇಲಿಲ್ಲದ ಬಣ್ಣವನ್ನು ಮುಖಪುಟದಲ್ಲಿ ಕುಂಚ ತುಂಬಿಕೊಡುತ್ತಿತ್ತು. ಓದುಗನಿಗೆ ಅದೂ ಒಂದು ಹಬ್ಬವೇ.

ಇದರ ಪಕ್ಕದಲ್ಲಿ ಪ್ಯಾರಿಸಿನ 'ಕಯೇ ದು ಸಿನೆಮಾ'ವನ್ನು ಇಟ್ಟು ನೋಡಿ. 1951ರ ಏಪ್ರಿಲ್‌ನಲ್ಲಿ ಬಂದ ಮೊದಲ ಸಂಚಿಕೆಯಲ್ಲಿ ಹಳದಿ ಹೊದಿಕೆ, ನಡುವೆ 'ಸನ್‌ಸೆಟ್ ಬುಲೆವಾರ್ಡ್' ಚಿತ್ರದ ಒಂದು ಕಪ್ಪು ಬಿಳುಪು ದೃಶ್ಯ, ಅದರಲ್ಲಿ ಗ್ಲೋರಿಯಾ ಸ್ವಾನ್‌ಸನ್. ಅಷ್ಟೇ. ಅಲ್ಲಿಯೂ ತಾರೆಯೇ, ಇಲ್ಲಿಯೂ ತಾರೆಯೇ. ಆದರೆ ಒಂದು ತಾರೆಯನ್ನು ಮೆಚ್ಚಲು ಕರೆಯುತ್ತದೆ, ಇನ್ನೊಂದು ಚಿತ್ರವನ್ನು ಕುರಿತು ವಾದಿಸಲು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. "ನನ್ನ ಪತ್ರಿಕೆ ಯಾರಿಗೆಂದು ನಾನು ಯೋಚಿಸಿಯೇ ಇರಲಿಲ್ಲ" ಎಂದಳು. ಆ ರಾತ್ರಿ ಅವಳು ಮೊದಲು ಬರೆದದ್ದು ಚಿತ್ರವನ್ನಲ್ಲ, ಒಂದು ವಾಕ್ಯವನ್ನು: ಹಳೆಯ ಕನ್ನಡ ಚಿತ್ರಗಳನ್ನು ಮತ್ತೆ ನೋಡಬಯಸುವ ಮನೆಯವರಿಗೆ.

ಎರಡನೆಯ ಮುಖಪುಟದಲ್ಲಿ ಒಂದೇ ಮುಖ, ಎರಡೇ ಬಣ್ಣ. ಕೆಳಗೆ ಬಾರ್‌ಕೋಡಿಗೆಂದು ಒಂದು ಬಿಳಿಯ ಚೌಕ; ನನ್ನ ಕಣ್ಣಿಗೆ ಅದು ಹೊಸ ಸೀರೆಗೆ ಹಾಕಿದ ತೇಪೆಯಂತೆ ಕಂಡಿತು, ಆದರೆ ನಾನು ಬಾಯಿ ಬಿಡಲಿಲ್ಲ. ಮುದ್ರಣಾಲಯದಲ್ಲಿ ಅಂಚು ಕತ್ತರಿಸುವಾಗ ಬಿಳಿಯ ಗೆರೆ ಉಳಿಯದಿರಲೆಂದು ಚಿತ್ರವನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚಾಗಿಯೇ ಬರೆದಿದ್ದಳು.

ಮತ್ತೆ ಗೋಡೆಗೆ ಒರಗಿಸಿದೆವು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿ, ಕನ್ನಡಕವಿಲ್ಲದೆ, ಪತ್ರಿಕೆಯ ಹೆಸರನ್ನು ಗಟ್ಟಿಯಾಗಿ ಓದಿದರು.